ಹಾರ್ನಕ್ಕನ ಮನೆಯಲ್ಲಿ ಬಸ್ಸಿನವರು

ಮೆಟ್ರೊ ಹಳಿ ಊರಾಚೆ ಬಂದು ಮುಗಿಯುವ ಕಡೆ, ಎತ್ತರದ ಕಂಬಗಳ ಮೇಲೆ ಕೂತ ಕೊನೆಯ ನಿಲ್ದಾಣದ ಕೆಳಗೆ, ಬಾಡಿಗೆ ವ್ಯಾನುಗಳು ಸಾಲಾಗಿ ನಿಲ್ಲುತ್ತವೆ. ರೈಲಿಳಿದವರು ಕೆಳಗೆ ಬಂದರೆ ಎಡಕ್ಕೆ ವ್ಯಾನು, ಬಲಕ್ಕೆ ಬಸ್ಸು, ಮೆಟ್ಟಿಲಿನ ಅಡಿಯಲ್ಲಿ ಸೈಕಲ್ಲು ನಿಲ್ಲಿಸುವ ಜಾಗ. ಅಲ್ಲಿ ಇಳಿಯುವವರೆಲ್ಲ ಮನೆ ಇನ್ನೂ ದೂರ ಇರುವವರೇ. ಅವರು ಎಡಕ್ಕೆ ತಿರುಗುತ್ತಾರೋ ಬಲಕ್ಕೆ ತಿರುಗುತ್ತಾರೋ ಎನ್ನುವುದರ ಮೇಲೆ ಆ ಅಂಗಳದ ಹಲವರ ಹೊಟ್ಟೆಪಾಡು ನಿಂತಿತ್ತು.

ಹಾರ್ನಕ್ಕ ಎಡಗಡೆಯವಳು. ಆ ಸಾಲಿನಲ್ಲಿ ಇದ್ದ ಒಬ್ಬಳೇ ಹೆಂಗಸು. ವ್ಯಾನು ಹೊಡೆಯಲು ಶುರು ಮಾಡಿದ ಹೊಸದರಲ್ಲಿ ಪ್ರತಿ ತಿರುವಿಗೂ, ತಿರುವೇ ಇಲ್ಲದ ಕಡೆಯೂ ಹಾರ್ನು ಒತ್ತುತ್ತಿದ್ದಳಾದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಆಮೇಲೆ ಕೈ ಪಳಗಿತು, ಹಾರ್ನು ಕಡಿಮೆಯಾಯಿತು, ಹೆಸರು ಮಾತ್ರ ಉಳಿಯಿತು.

ನಿಲ್ದಾಣ ಬರುವ ಮೊದಲು ಅವಳು ಗಾಡಿಗಳ ಸೀಟಿಗೆ ಕವರು ಹೊಲಿಯುವ ಅಂಗಡಿಯಲ್ಲಿದ್ದಳು. ಗಂಡ ಲಾರಿ ಡ್ರೈವರು. ಅವನ ಪರಿಚಯವಾದದ್ದೂ ಅಲ್ಲಿಯೇ. ಹರಿದ ಸೀಟು ಹೊಲಿಸಿಕೊಂಡು ಹೋದವನು ಮತ್ತೆ ಮತ್ತೆ ಅದೇ ಸೀಟು ಬಿಚ್ಚಿಹೋಯಿತೆಂದು ಬರುತ್ತಿದ್ದ. ಒಂದು ದಿನ ಅವಳು ದಾರದ ತುದಿ ಹಿಡಿದು ನೋಡಿ, "ಇದು ತಾನಾಗಿ ಬಿಚ್ಚಿದ್ದಲ್ಲ, ಬ್ಲೇಡಲ್ಲಿ ಕೊಯ್ದಿದ್ದು" ಅಂದಳು. ಅವನು ತಲೆ ಕೆರೆದುಕೊಂಡ. ಮದುವೆಯಾದ ಮೇಲೂ ಈ ಕಥೆ ಹೇಳಿ ಅವನು ನಗುತ್ತಿದ್ದ. ತನ್ನ ಹೆಂಡತಿಗೆ ಯಾರೂ ಟೋಪಿ ಹಾಕುವ ಹಾಗಿಲ್ಲ ಎಂದು ಅವನ ಹೆಮ್ಮೆ. ಅವಳೂ ಅದನ್ನು ನಂಬಿದ್ದಳು.

ವ್ಯಾನು ಹೊಡೆಯುವುದನ್ನು ಕಲಿಸಿದವನೂ ಅವನೇ. ಮೆಟ್ರೊ ಕಂಬಗಳು ಇನ್ನೂ ಏಳುತ್ತಿದ್ದ ಬಯಲಿನಲ್ಲಿ, ರಜೆಯ ದಿನ, ಕಬ್ಬಿಣದ ರಾಶಿಗಳ ನಡುವೆ ಅವಳು ಗೇರು ಹಾಕುವುದನ್ನು ಕಲಿತಳು. ನಿಲ್ದಾಣ ತೆರೆದ ವರ್ಷವೇ ಹಳೆಯ ವ್ಯಾನೊಂದನ್ನು ಕೊಂಡರು. ಅದರ ಸೀಟುಗಳಿಗೆಲ್ಲ ಅವಳೇ ಕೆಂಪು ರೆಕ್ಸಿನ್ ಹೊಲಿದು ಹಾಕಿದಳು. ಗಂಡ ತಿಂಗಳಲ್ಲಿ ಬಹುಪಾಲು ಹೊರಗೇ ಇರುತ್ತಿದ್ದ. ಮನೆಯಲ್ಲಿ ಅವಳು, ಅತ್ತೆ ಮತ್ತು ಮೈದುನ, ಮೂರೇ ಜನ.

ಮೈದುನನಿಗೆ ಬಸ್ಸು ಡಿಪೋದಲ್ಲಿ ಕೆಲಸ. ಟೈರು ಬಿಚ್ಚುವುದು, ಹಾಕುವುದು, ಗಾಳಿ ನೋಡುವುದು. ಯಾವಾಗಲೂ ಉಗುರಿನ ಸಂದಿಯಲ್ಲಿ ಕಪ್ಪು. ಮಾತು ಕಡಿಮೆ. ಊಟಕ್ಕೆ ಕೂತಾಗ ಮಾತ್ರ, "ಇವತ್ತು ಯಾವ ಕಡೆ ಹೋಗಿದ್ರಿ ಅತ್ತಿಗೆ?" ಎಂದು ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದ. ಅವಳು ಹೇಳುತ್ತಿದ್ದಳು. ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದರು. ಬಟ್ಟೆ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ನಿಂತು ಮೊಣಕಾಲು ಸವೆಸಿಕೊಂಡವರು. ಈಗ ಅದೇ ಕಿಟಕಿಯಲ್ಲಿ ಕೂತು, ಹೊಲಿದ ಅಂಗಿಗಳ ದಾರದ ತುದಿ ಕತ್ತರಿಸುವ ಕೆಲಸವನ್ನು ಮನೆಗೇ ತರಿಸಿಕೊಂಡು ಮಾಡುತ್ತಿದ್ದರು.

ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಬಸ್ಸುಗಳು ವ್ಯಾನುಗಳ ಬೆನ್ನು ಹತ್ತಿದವು.

ಮೊದಲು ಗೋದಾಮು ರಸ್ತೆ. ಆ ದಾರಿಯನ್ನು ಕಂಡುಹಿಡಿದವನು ಸಾಲಿನ ಹಳೆಯ ಡ್ರೈವರು ನಿಧಾನಿ. ಎಲ್ಲದಕ್ಕೂ ಸಾವಕಾಶ, ಕ್ಲಚ್ಚನ್ನು ಮೊಟ್ಟೆ ಮುಟ್ಟಿದ ಹಾಗೆ ಬಿಡುವವನು, ಅದಕ್ಕೇ ಆ ಹೆಸರು. ಗೋದಾಮಿನ ಕೆಲಸದವರು ನಿಲ್ದಾಣದಿಂದ ಧೂಳಿನಲ್ಲಿ ನಡೆದು ಹೋಗುವುದನ್ನು ನೋಡಿ ಅವನು ಒಂದು ಬೆಳಿಗ್ಗೆ ವ್ಯಾನನ್ನು ಅತ್ತ ತಿರುಗಿಸಿದ. ಮರುದಿನದಿಂದ ಉಳಿದವರೂ ಸರದಿಯ ಮೇಲೆ ಹೋದರು. ಒಳ್ಳೆಯ ದಾರಿ, ಹೋಗುವಾಗಲೂ ಬರುವಾಗಲೂ ಸೀಟು ಖಾಲಿ ಇರುತ್ತಿರಲಿಲ್ಲ. ಸ್ವಲ್ಪ ದಿನ ಕಳೆಯುವುದರೊಳಗೆ ಬಲಗಡೆ ರೈಲಿಳಿದವರನ್ನು ಒಯ್ಯುವ ಹೊಸ ಫೀಡರ್ ಬಸ್ಸೊಂದು ಬಂದು ನಿಂತಿತು. ಹಣೆಯ ಮೇಲೆ ಗೋದಾಮು ರಸ್ತೆ ಎಂಬ ಬೋರ್ಡು.

"ಕಾಕತಾಳೀಯ" ಅಂದ ನಿಧಾನಿ.

ವ್ಯಾನಿನವರು ಆಸ್ಪತ್ರೆ ತಿರುವಿನ ಕಡೆ ಹೋದರು. ಬಸ್ಸು ಅಲ್ಲಿಗೂ ಬಂತು. ಶಾಲೆಗಳಿರುವ ಬೀದಿಗೆ ಹೋದರು. ಬಸ್ಸು ಅಲ್ಲಿಗೂ ಬಂತು, ಅದೂ ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ. ಆಗ ಸಾಲಿನ ಯಜಮಾನ ಬಾಯಿ ಬಿಟ್ಟ. ಯಾರೂ ಅವನನ್ನು ಯಜಮಾನ ಎಂದು ಆರಿಸಿರಲಿಲ್ಲ. ದಪ್ಪ ಕುತ್ತಿಗೆ, ಗಟ್ಟಿ ಗಂಟಲು, ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುವ ಅಭ್ಯಾಸ, ಇಷ್ಟರಿಂದಲೇ ಆದ ಯಜಮಾನ.

"ಬಸ್ಸಿಗೆ ಮೂಗಿಲ್ಲ. ಹೀಗೆ ವಾಸನೆ ಹಿಡ್ಕೊಂಡು ಬರಲ್ಲ. ನಮ್ಮಲ್ಲೇ ಯಾರೋ ಹೇಳ್ತಿದಾರೆ" ಅಂದ.

ಅವತ್ತಿನಿಂದ ಅಂಗಳದ ಗಾಳಿಯೇ ಬದಲಾಯಿತು. ಒಟ್ಟಿಗೆ ಚಹಾ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡು ತಂತಮ್ಮ ವ್ಯಾನಿನ ಬಾಗಿಲಿಗೆ ಹೋಗಿ ನಿಂತರು. ಯಾರಾದರೂ ಫೋನಿನಲ್ಲಿ ಮಾತಾಡಿದರೆ ಉಳಿದವರ ಕತ್ತು ಅತ್ತ ಹೊರಳುತ್ತಿತ್ತು. ಹೊಸ ಮೊಬೈಲು ಕೊಂಡವನನ್ನು ಎಲ್ಲಿಂದ ಬಂತು ಎಂದು ಕೇಳಿದರು. ಬಸ್ಸಿನ ಕಂಡಕ್ಟರನಿಗೆ ಬೆಂಕಿಪೊಟ್ಟಣ ಕೊಟ್ಟವನ ಜೊತೆ ಒಂದು ವಾರ ಯಾರೂ ಮಾತಾಡಲಿಲ್ಲ. ಹಾರ್ನಕ್ಕನೂ ಎಲ್ಲರಂತೆ ಎಲ್ಲರನ್ನೂ ಅನುಮಾನಿಸಿದಳು. ನಿಧಾನಿ ಆ ಕಾಕತಾಳೀಯ ಎಂಬ ಮಾತನ್ನು ಅಷ್ಟು ಬೇಗ ಯಾಕೆ ಹೇಳಿದ ಎಂದೂ ಅವಳಿಗೆ ಅನ್ನಿಸಿತ್ತು, ಯಾಕೆಂದರೆ ಬೇರೆ ಯಾವುದನ್ನೂ ಅವನು ಬೇಗ ಹೇಳಿದವನಲ್ಲ.

ಹೀಗಿರುವಾಗ ಸಾಲಿನವನೊಬ್ಬ ತನ್ನ ಸ್ಟೆಪ್ನಿ ಟೈರು ಮಾರುವುದಕ್ಕೆಂದು ಡಿಪೋದ ಕಡೆ ಹೋದ. ಅಲ್ಲಿ ಬಸ್ಸಿನ ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದವನನ್ನು ಎಲ್ಲೋ ನೋಡಿದ್ದೇನಲ್ಲ ಅಂದುಕೊಂಡ. ವಾಪಸು ಬರುವ ದಾರಿಯಲ್ಲಿ ನೆನಪಾಯಿತು. ಹಾರ್ನಕ್ಕನ ವ್ಯಾನು ಕೆಟ್ಟಾಗ ಒಮ್ಮೆ ಬಂದು ಸರಿ ಮಾಡಿ ಹೋದವನು.

ಮರುದಿನ ಅವಳು ಬಂದಾಗ ಗುಂಪಿನಲ್ಲಿ ಮಾತು ನಿಂತಿತು. ಯಾರೋ ಸೆಖೆಯ ಬಗ್ಗೆ ಏನೋ ಅಂದರು. ಇನ್ನೊಬ್ಬ ಹೌದೌದು ಅಂದ. ಅವಳು ಅದಕ್ಕೆ ಬೆಲೆ ಕೊಡಲಿಲ್ಲ. ಆದರೆ ಸರದಿಯ ವಿಷಯ ಹೇಳುತ್ತ ಇಡೀ ದಿನ ಟಿಂಗ್ ಟಿಂಗ್ ಅನ್ನುತ್ತಿದ್ದ ಫೋನು ಮಧ್ಯಾಹ್ನವಾದರೂ ಉಸಿರೆತ್ತದಿದ್ದಾಗ ಅವಳಿಗೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಅವಳನ್ನು ಬಿಟ್ಟು ಫೋನಿನಲ್ಲಿ ಹೊಸ ಗುಂಪು ಮಾಡಿಕೊಂಡಿದ್ದರು.

ಯಜಮಾನನ ಹತ್ತಿರ ನೇರವಾಗಿ ಹೋಗಿ ಕೇಳಿದಳು. "ಏನಣ್ಣಾ ಇದು? ನಾನೇನು ಮಾಡಿದೆ?"

ಅವನು ಗಾಜು ಒರೆಸುತ್ತಿದ್ದ ಬಟ್ಟೆಯನ್ನು ಹಿಂಡಿ ಕನ್ನಡಿಗೆ ನೇತುಹಾಕಿದ. "ನೀನೇನೂ ಮಾಡಿಲ್ಲಮ್ಮ. ನಿಮ್ಮ ಮನೇಲಿ ಬಸ್ಸಿನೋರು ಊಟ ಮಾಡ್ತಾರಂತೆ. ಊಟಕ್ಕೆ ಕೂತಾಗ ಏನೇನೋ ಮಾತು ಬರುತ್ತೆ, ಅಷ್ಟೇ."

"ಅವನು ನನ್ನ ಮೈದುನ. ಟೈರ್ ಬಿಚ್ಚೋನು. ಅವನನ್ನ ಕೇಳಿ ಬಸ್ ಬಿಡ್ತಾರಾ?"

"ಅದನ್ನೇ ನಾವೂ ಕೇಳ್ಕೊಳ್ತಿದೀವಿ" ಅಂದ ಯಜಮಾನ.

ಅವಳು ನಕ್ಕುಬಿಟ್ಟಳು. ಆದರೆ ಸಂಜೆ ಮನೆಯ ಕಡೆ ಹೋಗುವಾಗ ಆ ನಗು ತಿರುವಿಗೊಂದಿಷ್ಟು ಉದುರಿಹೋಯಿತು. ಗೋದಾಮು ರಸ್ತೆಯ ವಿಷಯವನ್ನು ಅವನಿಗೆ ಹೇಳಿದ್ದಳೇ? ಹೇಳಿದ್ದಳು. ಆಸ್ಪತ್ರೆ ತಿರುವು? ಅದೂ. ಶಾಲೆ ಬಿಡುವ ಹೊತ್ತಿಗೆ ಜನ ಮುಗಿಬೀಳುತ್ತಾರೆ ಎಂದು ಕೈ ತಿರುಗಿಸಿ ತೋರಿಸಿ ಹೇಳಿದ್ದಳು.

ಅವತ್ತು ಊಟಕ್ಕೆ ಕೂತಾಗ ಅವನು ಎಂದಿನಂತೆ ಕೇಳಿದ, "ಇವತ್ತು ಯಾವ ಕಡೆ ಹೋಗಿದ್ರಿ ಅತ್ತಿಗೆ?"

ಅದೇ ಪ್ರಶ್ನೆ, ಅದೇ ಧ್ವನಿ. ಆದರೂ ಅವಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಎಲ್ಲೂ ಇಲ್ಲ" ಅಂದಳು. ಅವನು ತಲೆ ಎತ್ತಿ ನೋಡಿ, ಮತ್ತೆ ತಟ್ಟೆಗೆ ಬಗ್ಗಿದ.

ಆಮೇಲೆ ಅವಳ ಕಣ್ಣು ಅವನ ಮೇಲೇ. ಹುಡುಕುವವರಿಗೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಅವನು ಫೋನನ್ನು ಬೋರಲು ಇಡುತ್ತಿದ್ದ. ಕರೆ ಬಂದರೆ ಮಹಡಿಗೆ ಹೋಗುತ್ತಿದ್ದ. ಹೊಸ ಬೂಟು ಬಂದಿತ್ತು. ಡಿಪೋದಿಂದ ನೇರ ದಾರಿ ಇದ್ದರೂ ಹಿಂದಿನ ಓಣಿಯಿಂದ ಬರುತ್ತಿದ್ದ. ಫೋನಿನ ಗಾಜು ಒಡೆದದ್ದಕ್ಕೆ ಬೋರಲು ಇಡುತ್ತಾನೆ, ಒಳಗೆ ಸಿಗ್ನಲ್ ಸಿಗುವುದಿಲ್ಲ ಎಂದು ಮಹಡಿಗೆ ಹೋಗುತ್ತಾನೆ, ಓಣಿಯಲ್ಲಿ ನಾಯಿಮರಿ ಇದೆ ಎಂದು ಹಾಗೆ ಬರುತ್ತಾನೆ ಎನ್ನುವುದೆಲ್ಲ ಅವಳಿಗೆ ಗೊತ್ತಿದ್ದ ಸಂಗತಿಗಳೇ. ಈಗ ಅವು ಯಾವುವೂ ಸಾಲದೆನಿಸಿದವು.

ಕೊನೆಗೆ ಅವಳು ಒಂದು ಬಲೆ ಹೆಣೆದಳು.

ನೀರಿನ ಟ್ಯಾಂಕ್ ಕಾಲೊನಿ ಎಂದು ಗುಡ್ಡದ ಹಿಂದೆ ಒಂದು ಜಾಗವಿತ್ತು. ರಸ್ತೆ ಎನ್ನುವುದಕ್ಕಿಂತ ಗುಂಡಿಗಳ ಸಾಲು. ಯಾವ ವ್ಯಾನೂ ಅತ್ತ ಹೋದದ್ದಿಲ್ಲ, ಹೋಗುವ ಯೋಚನೆಯೂ ಯಾರಿಗೂ ಇರಲಿಲ್ಲ. ಒಂದು ದಿನ ಊಟದ ಹೊತ್ತಿಗೆ ಅವಳೇ ಮಾತು ತೆಗೆದಳು.

"ಮುಂದಿನ ವಾರದಿಂದ ನಾವೆಲ್ಲ ಟ್ಯಾಂಕ್ ಕಾಲೊನಿಗೆ ಹೋಗ್ತಿದೀವಿ. ಅಲ್ಲಿಂದ ತುಂಬಾ ಜನ ಬರ್ತಾರಂತೆ. ಯಾರಿಗೂ ಹೇಳ್ಬೇಡ."

"ಆ ರಸ್ತೇಲಿ ನಿಮ್ಮ ಸೈಲೆನ್ಸರ್ ಉಳಿಯಲ್ಲ ಅತ್ತಿಗೆ" ಅಂದ ಮೈದುನ. ಅಷ್ಟೇ. ಆಸಕ್ತಿ ಇಲ್ಲದವನ ಹಾಗೆ ನಟಿಸುತ್ತಿದ್ದಾನೆ ಅಂದುಕೊಂಡಳು ಅವಳು.

"ಅಲ್ಲಿ ಅಷ್ಟೊಂದು ಜನ ಇದಾರಾ?" ಎಂದು ಕಿಟಕಿಯ ಕಡೆಯಿಂದ ಅತ್ತೆ ಕೇಳಿದರು.

"ಇದಾರಂತೆ ಅತ್ತೆ. ಪಾಪ, ಎಲ್ಲಾ ನಡ್ಕೊಂಡೇ ಬರ್ತಾರಂತೆ" ಎಂದು ಅವಳು ಇನ್ನೊಂದಿಷ್ಟು ಸೇರಿಸಿದಳು.

ತಿಂಗಳು ಕಳೆಯಲಿಲ್ಲ. ಒಂದು ಬೆಳಿಗ್ಗೆ ಅವಳು ಅಂಗಳಕ್ಕೆ ವ್ಯಾನು ತಿರುಗಿಸುತ್ತಿದ್ದಾಗ ಬಲಗಡೆ ಸಣ್ಣ ಬಸ್ಸೊಂದು ನಿಂತಿತ್ತು. ನೀರಿನ ಟ್ಯಾಂಕ್ ಕಾಲೊನಿ, ಪ್ರಾಯೋಗಿಕ ಸಂಚಾರ. ಅವಳು ಬೋರ್ಡನ್ನು ಎರಡು ಸಲ ಓದಿದಳು. ಅದರ ಹಿಂದೆಯೇ, ಹೇಳಬಾರದು, ಒಂದು ಥರದ ಸಮಾಧಾನವೂ ಆಯಿತು. ನನಗೆ ಯಾರೂ ಟೋಪಿ ಹಾಕುವ ಹಾಗಿಲ್ಲ.

ಬಾಡಿಗೆ ಬಿಟ್ಟು ನೇರವಾಗಿ ಡಿಪೋದ ಗೇಟಿಗೆ ಹೋದಳು. ಮೈದುನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಅಣ್ಣನಿಗೆ ಏನಾದರೂ ಆಯಿತೇನೋ ಎಂದು ಅವನ ಮುಖದಲ್ಲಿ ಗಾಬರಿ.

"ನೀನೇ ಅಂತ ಗೊತ್ತಾಯ್ತು" ಅಂದಳು. "ಟ್ಯಾಂಕ್ ಕಾಲೊನಿ ನಾನು ಹುಟ್ಟಿಸಿದ ಸುಳ್ಳು. ನಿನಗೆ ಬಿಟ್ಟು ಇನ್ಯಾರಿಗೂ ಹೇಳಿಲ್ಲ. ನನ್ನ ಅನ್ನ ತಿಂದು ನನ್ನ ಕತ್ತು ಕೊಯ್ತಿದೀಯಲ್ಲ. ನಿಮ್ಮಣ್ಣನಿಗೆ ಏನಂತ ಹೇಳಲಿ ನಾನು?"

ಅವನು ಏನೋ ಹೇಳಲು ಬಾಯಿ ತೆರೆದ. ಆಮೇಲೆ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಬಾಯಿ ಮುಚ್ಚಿಕೊಂಡ.

"ಮಾತಾಡು."

"ಏನು ಮಾತಾಡ್ಲಿ ಅತ್ತಿಗೆ" ಅಂದ. ಒಳಗಿನಿಂದ ಯಾರೋ ಕೂಗಿದರು. ಅವನು ಹೋದ.

ಎರಡು ದಿನದ ಮೇಲೆ ಅವನು ಬಟ್ಟೆಯನ್ನು ಒಂದು ಚೀಲಕ್ಕೆ ತುಂಬಿಕೊಂಡ. ಶಿಫ್ಟು ಬದಲಾಗಿದೆ, ಗೆಳೆಯನ ರೂಮು ಡಿಪೋಗೆ ಹತ್ತಿರ ಎಂದು ತಾಯಿಗೆ ಹೇಳಿದ. ಅತ್ತೆ ನಂಬಿದಂತೆ ಕಂಡರು. ಫೋನಿನಲ್ಲಿ ಗಂಡ ಯಾಕೆ ಎಂದು ಕೇಳಿದಾಗ ಹಾರ್ನಕ್ಕನೂ ಶಿಫ್ಟು ಎಂದೇ ಹೇಳಿದಳು. ಮೂಲೆಯ ಮಂಚದ ಮೇಲೆ ಅಂಗಿಯ ಗಂಟುಗಳು ಬಂದು ಕೂತವು.

ಯಜಮಾನನಿಗೂ ಅವಳೇ ಹೋಗಿ ಹೇಳಿದಳು. "ನೀವು ಹೇಳಿದ್ದು ಸರಿ ಅಣ್ಣ. ಅವನೇ. ಇನ್ಮೇಲೆ ಮನೇಲಿರಲ್ಲ." ಸಾಲಿನವರು ಅವಳನ್ನು ಗುಂಪಿಗೆ ಮತ್ತೆ ಸೇರಿಸಿಕೊಂಡರು. ಸರದಿ ಕೊಟ್ಟರು. ಚಹಾದ ಹೊತ್ತಿಗೆ ಕರೆದರು. ಆದರೆ ಅವಳು ಹತ್ತಿರ ಬಂದಾಗ ಸೆಖೆಯ ಮಾತು ಇನ್ನೂ ಆಗೊಮ್ಮೆ ಈಗೊಮ್ಮೆ ಏಳುತ್ತಿತ್ತು.

ಮಳೆ ಶುರುವಾಗುವ ಹೊತ್ತಿಗೆ ಯಜಮಾನ ಹೊಸ ದಾರಿಯೊಂದನ್ನು ಹಿಡಿದ. ಹೊಸ ಬಡಾವಣೆಯ ಹಿಂದಿನ ಗೇಟು. ಮುಂದಿನ ಗೇಟಿಗೆ ಬಸ್ಸಿತ್ತು, ಹಿಂದಿನ ಗೇಟಿನ ಕಡೆಯವರು ಕೆಸರು ತುಳಿಯಬೇಕಿತ್ತು. ಎಲ್ಲರೂ ಬಾಯಿಗೆ ಬೀಗ ಹಾಕಿಕೊಳ್ಳುವುದಾಗಿ ಮಾತಾಯಿತು. ಹಾರ್ನಕ್ಕನೂ ಹಾಕಿಕೊಂಡಳು. ಮನೆಯಲ್ಲಿ ಈಗ ಇಬ್ಬರೇ. ಮೈದುನನಿಲ್ಲದ ಮನೆ ಬಿಕೋ ಅನ್ನುತ್ತಿತ್ತಾದ್ದರಿಂದ, ದಿನದ ಸುದ್ದಿಯನ್ನೆಲ್ಲ ಅವಳು ಅತ್ತೆಯ ಮುಂದೆ ಸುರಿಯುತ್ತಿದ್ದಳು. ಅತ್ತೆಗೆ ಹೇಳಿದರೆ ಹೇಳಿದ ಹಾಗೆಯೇ ಅಲ್ಲವಲ್ಲ.

ಮಳೆ ನಿಲ್ಲುವ ಮೊದಲೇ ಹಿಂದಿನ ಗೇಟಿಗೆ ಬಸ್ಸು ಬಂತು.

ಯಜಮಾನ ಈ ಸಲ ಕೂಗಾಡಲಿಲ್ಲ. ಅವಳ ವ್ಯಾನಿನ ಕಿಟಕಿಗೆ ಮೊಣಕೈ ಊರಿ ನಿಂತ. "ಮೈದುನ ಮನೆ ಬಿಟ್ಟ ಅಂದೆ. ಬಸ್ಸು ಬಿಡಲಿಲ್ವಲ್ಲ" ಅಂದು ಹೋದ.

ಹಾಗಾದರೆ ಯಾರು? ನಿಧಾನಿಯೇ? ಯಜಮಾನನೇ ಹೇಳಿ ಬೇರೆಯವರ ಮೇಲೆ ಹಾಕುತ್ತಿದ್ದಾನೆಯೇ? ಕೆಂಪು ಸೀಟಿನಲ್ಲಿ ಕೂರುವ ಒಬ್ಬೊಬ್ಬರ ಮುಖವನ್ನೂ ಕನ್ನಡಿಯಲ್ಲಿ ಜಾಲಾಡಿದಳು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದದ್ದು ಕೂಡ ಏನನ್ನೋ ಎಣಿಸುವ ಹಾಗೆ ಕಂಡಿತು.

ಕೆಲವು ದಿನಗಳಾದ ಮೇಲೆ, ಮಧ್ಯಾಹ್ನ, ವ್ಯಾನಿನ ಫ್ಯಾನ್ ಬೆಲ್ಟು ಕಿತ್ತುಹೋಯಿತು. ಮನೆಯ ಹತ್ತಿರದಲ್ಲೇ ಆದದ್ದರಿಂದ ಅದನ್ನು ಬೀದಿಯ ಕೊನೆಯಲ್ಲಿ ಬಿಟ್ಟು ನಡೆದು ಬಂದಳು. ಚಪ್ಪಲಿ ಕೆಸರಾಗಿತ್ತೆಂದು ಮೆಟ್ಟಿಲ ಮೇಲೆಯೇ ಬಿಟ್ಟು, ಸದ್ದಿಲ್ಲದೆ ಬಾಗಿಲ ತನಕ ಬಂದವಳು, ಒಳಗಿನ ಧ್ವನಿ ಕೇಳಿ ನಿಂತಳು. ಅತ್ತೆಯ ಧ್ವನಿಯೇ. ಆದರೆ ಮೊಣಕಾಲು ನೋವಿನ ಅತ್ತೆಯದಲ್ಲ, ಕಾರ್ಖಾನೆಯಲ್ಲಿ ಒಂದು ಸಾಲು ಹೆಂಗಸರನ್ನು ನಿಭಾಯಿಸಿದವರ ಧ್ವನಿ.

"ಹೌದಮ್ಮ, ನಾನೇ, ಮೊನ್ನೆ ಮಾಡಿದ್ನಲ್ಲ. ಹಿಂದಿನ ಗೇಟಿಗೆ ಬಂತು, ಸಂತೋಷ. ಆದರೆ ಮಧ್ಯಾಹ್ನ ಒಂದೂ ಇಲ್ಲ. ಡಾಕ್ಟರ ಹತ್ರ ಹೋಗೋರು ಮಧ್ಯಾಹ್ನ ತಾನೇ ಹೋಗೋದು? ಇನ್ನೊಂದು ಬರ್ಕೊ. ಸಂಪಿನ ಓಣಿ. ಅಲ್ಲಿಗೂ ಒಂದು ಬೇಕು. ಜನ ಇದಾರಾ ಅಂತ ಕೇಳ್ಬೇಡ. ವ್ಯಾನಿನೋರೇ ಹೋಗ್ತಾರೆ ಅಂದ್ಮೇಲೆ ಜನ ಇದಾರೆ ಅಂತಲೇ ಅಲ್ವಾ?"

ಹಾರ್ನಕ್ಕ ಹೊಸ್ತಿಲ ಮೇಲೆ ಹಾಗೇ ಕೂತುಬಿಟ್ಟಳು. ಸಂಪಿನ ಓಣಿಯ ವಿಷಯವನ್ನು ಅವಳು ಹಿಂದಿನ ದಿನವಷ್ಟೇ ಹೇಳಿದ್ದಳು.

ಅತ್ತೆ ಫೋನು ಇಟ್ಟು ತಿರುಗಿದಾಗ ಸೊಸೆಯನ್ನು ಕಂಡರು. ಸಿಕ್ಕಿಬಿದ್ದವರ ಗಡಿಬಿಡಿ ಏನೂ ಇರಲಿಲ್ಲ. "ಇಷ್ಟು ಬೇಗ ಬಂದ್ಯಾ? ಹುಷಾರಿಲ್ವಾ?" ಅಂದರು.

"ಎಷ್ಟು ದಿನದಿಂದ ಅತ್ತೆ?"

"ಏನು?"

"ಈ ಫೋನು."

ಅತ್ತೆ ಕತ್ತರಿಯನ್ನು ಅಂಗಿಯ ಮೇಲಿಟ್ಟರು. "ಮೊದಲ್ನಿಂದ. ಬಸ್ಸಿನ ಹಿಂದೆ ಬರ್ದಿರ್ತಾರಲ್ಲ, ನಿಮಗೆ ಎಲ್ಲಿಗೆ ಬಸ್ ಬೇಕು ತಿಳಿಸಿ ಅಂತ, ನಂಬರು. ಮೊದಲು ಯಾರೂ ಎತ್ತುತ್ತಿರಲಿಲ್ಲ. ಆಮೇಲೆ ಒಂದು ಹುಡುಗಿ ಬಂದ್ಲು. ಒಳ್ಳೇ ಹುಡುಗಿ. ಎಲ್ಲಿ ಜನ ಇದಾರೆ ಅಂತ ಅವರಿಗೆ ಗೊತ್ತಾಗ್ತಿರಲಿಲ್ವಂತೆ. ನಾನು ಹೇಳಿದ ಕಡೆ ಹೋಗಿ ನೋಡಿದ್ರೆ ನಿಜ್ವಾಗ್ಲೂ ಇರ್ತಾರಂತೆ."

"ನನ್ನ ಬಾಯಿಂದ ಕೇಳಿ ಅವರಿಗೆ ಹೇಳಿದ್ರಾ?"

"ಬಸ್ ಕೇಳೋದು ತಪ್ಪಾ? ನಿನ್ನ ವ್ಯಾನಿನ ಮೆಟ್ಟಿಲು ನನ್ನ ಸೊಂಟದಷ್ಟು ಎತ್ತರ ಇದೆ. ಹತ್ತಿದಾಗೆಲ್ಲ ಹಿಂದಿನಿಂದ ಯಾರೋ ಮೂಟೆ ತರ ನೂಕಿದಾರೆ. ನೀನು ಮುಂದೆ ಕೂತಿರ್ತೀಯ, ನಿನಗೆ ಕಾಣಲ್ಲ. ಟ್ಯಾಂಕ್ ಕಾಲೊನೀಲಿ ನನ್ನ ಸಾಲಲ್ಲಿ ಮಿಷನ್ನಿಗೆ ಕೂರ್ತಿದ್ದವಳು ಒಬ್ಬಳಿದಾಳೆ. ಮನೆ ಬಿಟ್ಟು ಹೊರಗೆ ಬಂದು ಎಷ್ಟು ಕಾಲ ಆಗಿತ್ತೋ. ಮೊನ್ನೆ ಬಂದು ಇದೇ ಕುರ್ಚೀಲಿ ಕೂತು ಹೋದ್ಲು."

"ಬಸ್ ಬಂದ್ರೆ ನನ್ನ ವ್ಯಾನಿಗೆ ಜನ ಕಮ್ಮಿ ಆಗ್ತಾರೆ ಅಂತ ನಿಮಗೆ ಗೊತ್ತಿರಲಿಲ್ವಾ?"

ಅತ್ತೆ ಮಡಿಲಿನ ದಾರದ ಚೂರುಗಳನ್ನು ಕೊಡವಿದರು. "ಗೊತ್ತಿತ್ತು" ಅಂದರು. "ಅದಕ್ಕೇ ನಿನಗೆ ಹೇಳಲಿಲ್ಲ."

ಹಾರ್ನಕ್ಕನಿಗೆ ಕೂಗಬೇಕೆನಿಸಿತು. ಆದರೆ ಬಾಯಿಗೆ ಬಂದದ್ದು ಬೇರೆಯೇ ಮಾತು. "ಅವನನ್ನ ನಾನು ಮನೆ ಬಿಡಿಸಿದೆ ಅತ್ತೆ." ಆಗ ಮಾತ್ರ ಅತ್ತೆಯ ಮುಖ ಕಳೆಗುಂದಿತು. ಶಿಫ್ಟಿನ ಮಾತನ್ನು ಅವರು ನಿಜವೆಂದೇ ನಂಬಿದ್ದರು. ಎಲ್ಲವನ್ನೂ ಕೇಳಿದ ಮೇಲೆ ಗೋಡೆ ಹಿಡಿದುಕೊಂಡು ಎದ್ದು, "ಈಗಲೇ ಹೋಗು. ನಾನೂ ಬರ್ತಿದ್ದೆ, ನಿನ್ನ ವ್ಯಾನು ಹತ್ತೋದು ಯಾರು" ಅಂದರು.

ಬೆಲ್ಟು ಹಾಕಿಸಿಕೊಂಡು ಅವಳು ಹೋದಾಗ, ಡಿಪೋದ ಒಳಗೆ ಮೈದುನ ಬಸ್ಸೊಂದರ ಚಕ್ರದ ನಟ್ಟು ಬಿಗಿಯುತ್ತಿದ್ದ. ಅವಳು ಬದಿಯಲ್ಲಿ ನಿಂತು, ಬಾಗಿಲಲ್ಲಿ ಕೇಳಿದ್ದನ್ನೆಲ್ಲ ಹೇಳಿದಳು. ಅವನು ಅಚ್ಚರಿಪಡಲಿಲ್ಲ.

"ಗೊತ್ತಿತ್ತು" ಅಂದ. "ಇಲ್ಲಿ ಎಲ್ರಿಗೂ ಗೊತ್ತು. ಅಜ್ಜಿ ಫೋನ್ ಮಾಡಿದ್ಲು, ಹೊಸ ರೂಟ್ ಬಂತು ಅಂತ ನಗ್ತಾರೆ. ಒಂದ್ಸಲ ಆ ಹುಡುಗಿ ಸ್ಪೀಕರ್ ಹಾಕಿದ್ಲು. ಧ್ವನಿ ಕೇಳಿದ ತಕ್ಷಣ ಗೊತ್ತಾಯ್ತು."

"ಮತ್ತೆ ಅವತ್ತು ಗೇಟಲ್ಲಿ ಯಾಕೋ ಹೇಳಲಿಲ್ಲ?"

"ನೀವು ಕೇಳಿದ್ದಿದ್ರೆ ಹೇಳ್ತಿದ್ದೆ ಅತ್ತಿಗೆ. ನೀವು ಕೇಳಲಿಲ್ಲ. ನೀನೇ ಅಂದ್ರಿ." ಅವನು ಇನ್ನೊಂದು ನಟ್ಟಿಗೆ ಪಾನಾ ಹಾಕಿದ. "ಅಮ್ಮನ ಹೆಸರು ಹೇಳಿ ನಾನು ಒಳ್ಳೆಯವನಾಗೋದು ಹೇಗೆ? ಆಮೇಲೆ ಮನೇಲಿ ನೀವಿಬ್ರೇ ಇರೋರು."

ಮನೆಗೆ ಬಾ ಎಂದು ಕರೆದಳು. ಬರುತ್ತೇನೆ ಅಂದ. ಭಾನುವಾರ ಬಂದ. ಊಟ ಮಾಡಿದ, ತಾಯಿಯ ಕಾಲಿಗೆ ಎಣ್ಣೆ ತಿಕ್ಕಿದ, ನಲ್ಲಿ ಸೋರುತ್ತಿದ್ದುದನ್ನು ಸರಿ ಮಾಡಿದ. ಸಂಜೆ ಚಪ್ಪಲಿ ಮೆಟ್ಟಿಕೊಂಡು ಗೆಳೆಯನ ರೂಮಿಗೇ ಹೊರಟ. ಮುಂದಿನ ಭಾನುವಾರವೂ ಅಷ್ಟೇ. ಮಂಚದ ಮೇಲಿನ ಗಂಟುಗಳನ್ನು ಅವಳು ತೆಗೆದು ಹಾಸಿಗೆ ಕೊಡವಿ ಹಾಸಿದ್ದಳು. ಅವನು ಅದರ ಅಂಚಿನಲ್ಲಿ ಕೂತು ಎದ್ದುಹೋಗುತ್ತಿದ್ದ. ಯಾವ ಕಡೆ ಹೋಗಿದ್ರಿ ಎಂದು ಮತ್ತೆಂದೂ ಕೇಳಲಿಲ್ಲ.

ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ದೂರದ ಯಾವುದೋ ಡಾಬಾದಿಂದ ಮಾತಾಡುತ್ತಿದ್ದ. "ನನ್ನ ಹತ್ರ ಮೊದಲೇ ಕೇಳಬಹುದಿತ್ತು ಕಣೆ" ಅಂದ. ಬೈದಿದ್ದರೆ ಇದಕ್ಕಿಂತ ಹಗುರಾಗುತ್ತಿತ್ತು.

ಸಾಲಿನವರಿಗೆ ನಿಜ ಹೇಳಬೇಕಿತ್ತು. ಮೈದುನನ ತಲೆಯ ಮೇಲೆ ತಾನೇ ಹಾಕಿದ್ದನ್ನು ತಾನೇ ಇಳಿಸಬೇಕಲ್ಲ. ಒಂದು ಬೆಳಿಗ್ಗೆ ಎಲ್ಲರೂ ಸೇರಿದ್ದಾಗ ಹೇಳಿದಳು. ನನ್ನ ಅತ್ತೆ, ಮೊಣಕಾಲು ನೋವು, ಬಸ್ಸಿನ ಹಿಂದಿನ ನಂಬರು, ಫೋನು.

ಮೊದಲು ಒಬ್ಬ ಕಿಸಕ್ಕೆಂದ. ಎಲ್ಲರೂ ನಕ್ಕರು.

"ಮುದುಕಿ ಫೋನ್ ಮಾಡಿದ್ರೆ ಬಸ್ ಬರುತ್ತಾ?" ಅಂದ ಯಜಮಾನ. ಅವನೊಬ್ಬ ನಕ್ಕಿರಲಿಲ್ಲ. "ನಾವು ಈ ಅಂಗಳಕ್ಕೊಂದು ಪಾಯಿಖಾನೆ ಕೊಡಿ ಅಂತ ಎಷ್ಟು ವರ್ಷದಿಂದ ಕೇಳ್ತಿದೀವಿ, ಬಂತಾ? ನೆರಳಿಗೆ ಒಂದು ಶೀಟ್ ಕೇಳಿದ್ವಿ, ಬಂತಾ? ಸುಳ್ಳು ಹೇಳೋದಾದ್ರೆ ನಂಬೋ ಹಾಗಾದ್ರೂ ಹೇಳಮ್ಮ. ಮೈದುನನ ಮೇಲೆ ಮತ್ತೆ ಮಮತೆ ಬಂತು ಅಂತ ಹೇಳಿದ್ದಿದ್ರೆ ನಾನೂ ಸುಮ್ನಿರ್ತಿದ್ದೆ."

ಅವಳು ಹೇಳಿದ್ದರಲ್ಲೆಲ್ಲ ಅವರು ನಂಬಿದ್ದು ಒಂದೇ, ಅದು ಮೈದುನ ಕದ್ದು ಸುದ್ದಿ ಕೊಡುತ್ತಾನೆ ಎಂಬ ತಪ್ಪು ಮಾತು. ಅವನು ಭಾನುವಾರ ಮನೆಗೆ ಬಂದು ಹೋಗುವುದನ್ನೂ ಯಾರೋ ನೋಡಿಕೊಂಡಿದ್ದರು. ವಾರದೊಳಗೆ ಅವಳ ಸರದಿ ನಿಂತಿತು. ಅವಳು ಸಾಲಿಗೆ ಬಂದರೆ ಹಿಂದಿನ ವ್ಯಾನಿನವನು ಮುಂದೆ ನುಗ್ಗುತ್ತಿದ್ದ. ಕೊನೆಗೆ ಅವಳು ಯಾರಿಗೂ ಹೇಳದೆ ನಿಲ್ದಾಣದ ಇನ್ನೊಂದು ಬದಿಗೆ, ಹಿಂದಿನ ದ್ವಾರಕ್ಕೆ ವ್ಯಾನು ಒಯ್ದು ನಿಲ್ಲಿಸಿದಳು. ಅಲ್ಲಿ ಬಸ್ಸು ತಿರುಗಲು ಜಾಗವಿಲ್ಲ, ಸೇತುವೆಯ ಕೆಳಗಿನ ಇಕ್ಕಟ್ಟು ರಸ್ತೆ. ಇಳಿದು ಬರುವ ಜನವೂ ಕಡಿಮೆ.

ಹಳೆಯ ಸೀಟು ಅಂಗಡಿಯ ಪಕ್ಕದ ವೆಲ್ಡಿಂಗಿನವನ ಹತ್ತಿರ ಹೋಗಿ ವ್ಯಾನಿನ ಬಾಗಿಲಿಗೆ ನೆಲದ ಮಟ್ಟಕ್ಕೆ ಇಳಿಯುವ ಇನ್ನೊಂದು ಮೆಟ್ಟಿಲು ಹಾಕಿಸಿದಳು, ಹಿಡಿದುಕೊಳ್ಳಲು ಒಂದು ಸರಳು. ಅತ್ತೆಯನ್ನು ಕರೆದು ಹತ್ತಿಸಿ ನೋಡಿದಳು. ಅತ್ತೆ ಹತ್ತಿ, ಇಳಿದು, ಮತ್ತೆ ಹತ್ತಿ, "ಇನ್ನೂ ನಾಲ್ಕು ಬೆರಳು ಕೆಳಗಿರಬೇಕಿತ್ತು" ಅಂದರು. ಮಧ್ಯಾಹ್ನ ಬಸ್ಸಿಲ್ಲದ ಹೊತ್ತಿನಲ್ಲಿ, ಕೋಲು ಊರಿಕೊಂಡು ನಡೆಯುವವರು, ಬಸುರಿಯರು, ಕೂಸನ್ನು ಎತ್ತಿಕೊಂಡವರು ಹಿಂದಿನ ದ್ವಾರಕ್ಕೆ ಬರತೊಡಗಿದರು. ಮೊದಲಿನಷ್ಟು ಅಲ್ಲದಿದ್ದರೂ ಮನೆ ನಡೆಯಿತು. ಅತ್ತೆ ಫೋನು ಮಾಡುವುದನ್ನು ಬಿಡಲಿಲ್ಲ. ಈಗ ಸೊಸೆ ಮನೆಯಲ್ಲಿದ್ದಾಗಲೇ ಮಾಡುತ್ತಿದ್ದರು.

ಒಂದು ಮಧ್ಯಾಹ್ನ ನಿಧಾನಿ ಹಿಂದಿನ ದ್ವಾರದ ಕಡೆ ನಡೆದು ಬಂದ. ವ್ಯಾನು ತಂದಿರಲಿಲ್ಲ. ಅವಳ ಚಕ್ರವನ್ನು ಕಾಲಿನಿಂದ ತಟ್ಟಿದ, ಹೊಸ ಮೆಟ್ಟಿಲನ್ನು ನೋಡಿದ, ಒಮ್ಮೆ ಹಿಂದೆ ತಿರುಗಿ ನೋಡಿದ.

"ಆ ನಂಬರು" ಅಂದ. "ನಿಮ್ಮತ್ತೆ ಮಾಡ್ತಾರಲ್ಲ, ಅದು. ನಮ್ಮಮ್ಮ ಬಿದ್ದು ಸೊಂಟ ಮುರ್ಕೊಂಡಿದಾರೆ. ನಮ್ಮ ಓಣಿ ಕಡೆ ಏನೂ ಬರಲ್ಲ. ನಾನು ಇಡೀ ದಿನ ಇಲ್ಲಿರ್ತೀನಿ, ಅವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋರಿಲ್ಲ. ಯಜಮಾನನಿಗೆ ಹೇಳ್ಬೇಡಮ್ಮ."

ಹಾರ್ನಕ್ಕನ ಮೈಯೆಲ್ಲ ಎಚ್ಚರವಾಯಿತು. ಇದು ಬಲೆ ಅಂದುಕೊಂಡಳು. ತಾನು ಟ್ಯಾಂಕ್ ಕಾಲೊನಿಯನ್ನು ಹುಟ್ಟಿಸಿದ ಹಾಗೆ ಇವರು ಸೊಂಟ ಮುರಿದ ತಾಯಿಯನ್ನು ಹುಟ್ಟಿಸಿರಬಹುದು. ನಾಳೆ ಬಸ್ಸು ಬಂದರೆ, ನೋಡಿ, ಇವಳೇ, ಅನ್ನುವುದಕ್ಕೆ.

"ನಂಗೇನೂ ಗೊತ್ತಿಲ್ಲಪ್ಪ" ಅಂದಳು. "ಮುದುಕಿ ಫೋನ್ ಮಾಡಿದ್ರೆ ಬಸ್ ಬರಲ್ಲ ಅಂತ ನೀವೇ ಎಲ್ಲಾ ನಕ್ಕಿದ್ರಲ್ಲ."

ನಿಧಾನಿ ತಲೆಯಾಡಿಸಿ ಬಂದ ಹಾಗೆಯೇ ನಿಧಾನವಾಗಿ ಹೋದ.

ಮರುದಿನ ಅವಳು ಪ್ರಯಾಣಿಕರನ್ನು ಇಳಿಸಿ, ಖಾಲಿ ವ್ಯಾನನ್ನು ಅವನ ಓಣಿಯ ಕಡೆ ತಿರುಗಿಸಿದಳು. ಮನೆ ಯಾವುದೆಂದು ಅಂಗಡಿಯಲ್ಲಿ ಕೇಳಿದಳು. ಬಾಗಿಲು ತೆರೆದೇ ಇತ್ತು. ಬೀದಿಗೆ ಕಾಣುವ ಕೋಣೆಯಲ್ಲಿ, ಕಿಟಕಿಗೆ ಎಟುಕುವಂತೆ ಹಾಕಿದ ಮಂಚದ ಮೇಲೆ, ಒಬ್ಬ ಮುದುಕಿ ಅಲುಗಾಡದೆ ಮಲಗಿದ್ದಳು. ವ್ಯಾನಿನ ಸದ್ದಿಗೆ ಕತ್ತು ಮಾತ್ರ ಹೊರಳಿಸಿ, "ಬಂದ್ಯೇನೋ?" ಎಂದು ಕೇಳಿದಳು. ಮಗ ಬಂದನೆಂದುಕೊಂಡಿದ್ದಳು.

ಹಾರ್ನಕ್ಕ ಇಂಜಿನು ಆರಿಸಿ ಇಳಿದು ಒಳಗೆ ಹೋದಳು. ನಿಮ್ಮ ಮಗನ ಜೊತೆ ಗಾಡಿ ಹೊಡೆಯುವವಳು ಎಂದು ಹೇಳಿ, ಕುಡಿಯಲು ನೀರು ಕೊಟ್ಟು, ಜಾರಿದ್ದ ದಿಂಬನ್ನು ಸರಿ ಮಾಡಿ, ಆಸ್ಪತ್ರೆಗೆ ಯಾವಾಗ ಹೋಗಬೇಕೆಂದು ಕೇಳಿಕೊಂಡಳು. ಬಸ್ಸು ಬರುವ ತನಕ ಕಾಯುವ ಸ್ಥಿತಿಯಲ್ಲಿ ಮುದುಕಿ ಇರಲಿಲ್ಲ. ಆ ವಾರ ಹಾರ್ನಕ್ಕನೇ ಕರೆದುಕೊಂಡು ಹೋದಳು, ಮುಂದಿನ ಸಲವೂ ಅವಳೇ. ಸಂಜೆ ಮನೆಗೆ ಬಂದು ಅತ್ತೆಗೆ ಓಣಿಯ ಹೆಸರು ಹೇಳಿದಳು. ಅತ್ತೆ ಕನ್ನಡಕ ಏರಿಸಿಕೊಂಡು ಫೋನು ಎತ್ತಿಕೊಂಡರು.

ಆ ಓಣಿಗೆ ಬಸ್ಸು ಬರಲು ತುಂಬ ಕಾಲ ಹಿಡಿಯಿತು, ರಸ್ತೆ ಅಗಲ ಸಾಲದೆಂದು ಏನೇನೋ ತಕರಾರು. ಆದರೂ ಬಂತು. ಅವತ್ತು ಎಡಗಡೆಯ ಸಾಲಿನಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಈ ಓಣಿಗೆ ವ್ಯಾನೇ ಹೋಗುತ್ತಿರಲಿಲ್ಲವಲ್ಲ, ಇದನ್ನು ಯಾರು ಹೇಳಿದರು ಎಂದು ಯಜಮಾನ ಕೇಳಿದನಂತೆ.

"ಯಾರಿಗೆ ಗೊತ್ತು" ಅಂದನಂತೆ ನಿಧಾನಿ, ಎಲ್ಲರಿಗಿಂತ ಮೊದಲು.